ಬೆರಳ ಕೆಳಗಿನ ಬೆಟ್ಟ

ವಿಮಾನ ನಿಲ್ದಾಣದ ಟ್ಯಾಕ್ಸಿ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಅವರು ಹೋಗಬೇಕಿದ್ದ ಊರಿಗೆ ಇಲ್ಲಿಂದ ಐದು ಗಂಟೆಯ ದಾರಿ ಎಂದು ಕೌಂಟರಿನವನು ಹೇಳಿದ್ದೇ ತಡ, ಹೆಂಡತಿ ಗಂಡನತ್ತ ತಿರುಗಿದಳು. ನಾನು ಸುಮ್ಮನೆ ನನ್ನ ಚೀಲದ ಜಿಪ್ಪನ್ನು ನೋಡತೊಡಗಿದೆ.

“ಪಕ್ಕದ ಏರ್‌ಪೋರ್ಟು ಅಂದ್ರಲ್ರೀ!”

“ನಿಮ್ಮೂರಿಗೆ ಹೋಗೋ ವಿಮಾನದಲ್ಲಿ ಸೀಟೇ ಇರ್ಲಿಲ್ಲ ಕಣೇ. ಮ್ಯಾಪಲ್ಲಿ ಬೆರಳಿಟ್ಟು ನೋಡ್ದೆ. ಎರಡಕ್ಕೂ ನಡುವೆ ಒಂದೇ ಬೆರಳು.”

“ಆ ಬೆರಳ ಕೆಳಗೆ ಇಡೀ ಬೆಟ್ಟಸಾಲೇ ಇತ್ತಲ್ಲ, ಬೆರಳೆತ್ತಿ ನೋಡೋಕೆ ಏನಾಗಿತ್ತು ನಿಮಗೆ?”

“ಮೆಲ್ಲಗೆ, ಜನ ನೋಡ್ತಿದಾರೆ.”

“ನೋಡ್ಲಿ! ಮಧ್ಯಾಹ್ನ ನಮ್ಮಪ್ಪಂಗೆ ಹಾರ್ಟ್ ಆಪರೇಷನ್ನು. ಅದಕ್ಕೆ ಮುಂಚೆ ಮುಖ ನೋಡ್ಬೇಕು ಅಂತ ತಾನೇ ಹೊರಟಿದ್ದು?”

ಅವನಿಗೆ ಫೋನು ಬಂತು. ಕೇಳಿಸಿಕೊಂಡು ಪೆಚ್ಚಾದ.

“ನಿನ್ನ ತಮ್ಮ. ನೀನು ಬರೋವರೆಗೂ ಒಳಗೆ ಹೋಗಲ್ಲ ಅಂತ ಮಾವ ಹಟ ಹಿಡಿದಿದ್ದಾರಂತೆ. ಇನ್ನೇನು ಬಂದೇಬಿಟ್ವಿ ಅಂತ ಇಳಿದ ತಕ್ಷಣ ನಾನೇ ಹೇಳ್ಬಿಟ್ಟಿದ್ದೆ.”

ಅವಳು ಫೋನು ಕಸಿದುಕೊಂಡು, ಅಪ್ಪನಿಗೆ ಕೊಡುವಂತೆ ತಮ್ಮನಿಗೆ ಹೇಳಿದಳು.

“ಅಪ್ಪಾ, ನನಗೆ ಕಾಯ್ಬೇಡಿ. ಡಾಕ್ಟರು ಕರೆದಾಗ ಹೋಗ್ಬಿಡಿ... ಇಲ್ಲಪ್ಪಾ, ಈಗ ಬೈಯಲ್ಲ ನಿಮ್ಮಳಿಯನ್ನ. ನೀವು ಎದ್ಮೇಲೆ ಇಬ್ರೂ ಸೇರಿ ಬೈಯೋಣ.”

ಟ್ಯಾಕ್ಸಿ ಬಂತು. ಅವನು ಹಿಂದಿನ ಬಾಗಿಲನ್ನು ತೆರೆದು ಹಿಡಿದ.

“ನೀವು ಮುಂದೆ ಕೂತ್ಕೊಳ್ಳಿ,” ಎಂದು ಮೂಗೊರೆಸಿಕೊಳ್ಳುತ್ತ ಅವಳು ಒಳಗೆ ಹತ್ತಿದಳು.