ನೀರಿನ ಗುಂಪು

ಇದು ನಮ್ಮ ಚಿಕ್ಕಪ್ಪನ ಮಗಳು ಪ್ರಣಾಲಿಗೆ ಆದದ್ದು. ನಂಬುವವರು ನಂಬಿ, ಬಿಡುವವರು ಬಿಡಿ.

ಎಲ್ಲರ ಕ್ಷಮೆ ಕೇಳುವ ಕ್ಷಮಾವಳಿ ಹಬ್ಬಕ್ಕೆಂದು ಕೊಲ್ಲಾಪುರದಿಂದ ಊರಿಗೆ ಹೊರಟಿದ್ದಳು. ಕೊನೇ ಬಸ್ಸು ಊರದಾರಿ ಒಡೆಯುವ ನೂಲದ ಫಾಟ್ಯಾದಲ್ಲಿ ಇಳಿಸಿ ಹೋಯಿತು. ಮಳೆ ಆಗಷ್ಟೇ ನಿಂತಿತ್ತು. ಹಾಳುಬಾವಿ ದಾಟುವಾಗ ಹಿಂದೆ ಸದ್ದು... ಪಚ್, ಪಚ್, ಪಚ್... ಆಮೇಲೆ ಸರ್ರ್. ಮೂರು ಹೆಜ್ಜೆ, ಒಂದು ಎಳೆತ. ತಿರುಗಿದಳು. ಯಾರೂ ಇಲ್ಲ. ನಡೆದಳು... ಮತ್ತೆ ಅದೇ.

ಆ ನಡಿಗೆ ಅವಳಿಗೆ ಗೊತ್ತಿತ್ತು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು.

"ಯಾಕವಾ, ಹಿಂಗ್ಯಾಕ ಓಡಿ ಬಂದಿ?" ಅಂದರು ತಾಯಿ ರಾಜಮತಿ.

"ಮೆಲ್ಲಕ ಮಾತಾಡವ್ವಾ... ಇಲಿ ಬಂದಾವು."

ಕೊಲ್ಲಾಪುರದಲ್ಲಿ ಅವಳು ಕೆಲಸ ಮಾಡುವ ಲ್ಯಾಬಿನಲ್ಲಿ ಬಾವು ಇಳಿಸುವ ಹೊಸ ಮದ್ದಿನ ಪರೀಕ್ಷೆ ನಡೆದಿತ್ತು. ಇಲಿಗಳ ಹಿಂಗಾಲಿಗೆ ಚುಚ್ಚಿ ಬಾವು ಬರಿಸುತ್ತಾರೆ. ಹೋಲಿಸಿ ನೋಡಲು ಆರು ಇಲಿಗಳ ಒಂದು ಗುಂಪಿಗೆ ಬರೀ ನೀರು, ಉಳಿದವಕ್ಕೆ ಮದ್ದು. ಆ ನೀರಿನ ಗುಂಪಿನ ಇಲಿಯೊಂದು ಬಾತ ಕಾಲು ಎಳೆಯುತ್ತ ಬಂದು ಅವಳ ಬೆರಳು ಮೂಸಿತು. ಇವಳೋ ಜೈನರ ಮನೆಯ ಹುಡುಗಿ, ಇರುವೆಯನ್ನೂ ನೋಡಿ ದಾಟಿ ಬೆಳೆದವಳು. ಯಾರೂ ಇಲ್ಲದಾಗ ಆ ಆರಕ್ಕೂ ಮದ್ದು ಕುಡಿಸಿಬಿಟ್ಟಳು.

ಲೆಕ್ಕದಲ್ಲಿ ಬರೀ ನೀರು ಕುಡಿದ ಇಲಿಗಳ ಬಾವೂ ಇಳಿಯಿತು! ಮದ್ದಿಗೂ ನೀರಿಗೂ ವ್ಯತ್ಯಾಸ ಕಾಣದೆ ಪರೀಕ್ಷೆ ಕೆಟ್ಟಿತೆಂದು ಲ್ಯಾಬಿನ ಸಾಹೇಬರು ಹೊಸದಾಗಿ ಇಪ್ಪತ್ತನಾಲ್ಕು ಇಲಿ ತರಿಸಿದರು. ಮತ್ತೆ ಚುಚ್ಚಿದರು. ಮುಗಿದ ಮೇಲೆ ಎಲ್ಲವನ್ನೂ ಕೊಂದರು. ಪ್ರಣಾಲಿ ಬಾಯಿ ಬಿಡಲಿಲ್ಲ.

"ಆರಕ್ಕ ದಯಾ ತೋರ್ಸಾಕ ಹೋಗಿ ಇಪ್ಪತ್ನಾಕ ಜೀವಾ ತಗದ್ನೆವ್ವಾ ನಾ..."

ಹೊರಗೆ ಸದ್ದು. ಒಂದಲ್ಲ... ಹಲವು. ಬಾಗಿಲ ತನಕ ಬಂದು ನಿಂತಿತು.

ರಾಜಮತಿ ಮಗಳ ಕಿವಿಗೆ ಬಾಗಿ ಪಿಸುಗುಟ್ಟಿದರು. "ನಾಳಿ ಊರ ಮಂದಿಗೆಲ್ಲಾ ಕ್ಷಮಾ ಕೇಳಾಕಿ. ಮದಲ ಇವಕ್ಕ ಕೇಳು."

"ಯಾವ ಬಾಯಿಂದ ಕೇಳ್ಲಿ?"

"ಇದ ಬಾಯಿಂದನ. ಬಾಗ್ಲಾ ತಗಿ."

ತೆಗೆದಳು. ಬರೀ ಕತ್ತಲು. ಹೊಸ್ತಿಲಲ್ಲಿ ಕೂತು ಕೈ ಮುಗಿದು ಕೇಳಿದಳು, ಒಂದೊಂದಕ್ಕೂ ಬೇರೆ ಬೇರೆಯಾಗಿ, ಇಪ್ಪತ್ತನಾಲ್ಕು ಸಲ. ಕೇಳುತ್ತ ಕೇಳುತ್ತ ಅತ್ತಳು. ಪಾಪ, ಅಷ್ಟು ಅತ್ತದ್ದು ಅವಳಪ್ಪ ಸತ್ತಾಗಲೂ ಇಲ್ಲವಂತೆ. ಹೊರಗೆ ಏನೂ ಅಲುಗಲಿಲ್ಲ.

ಬೆಳಗ್ಗೆ ಹಬ್ಬಕ್ಕೆಂದು ನಾನು ಹೋದೆ. ರಾಜಮತಿ ಚಿಗವ್ವ ಇನ್ನೂ ಅಂಗಳ ಗುಡಿಸಿರಲಿಲ್ಲ. ಕೆಸರಿನ ತುಂಬ ಪುಟ್ಟ ಪುಟ್ಟ ಹೆಜ್ಜೆ, ಪಕ್ಕದಲ್ಲೇ ಕಾಲು ಎಳೆದ ಗೆರೆ. ನಾನೇ ಬಗ್ಗಿ ನೋಡಿದ್ದೇನೆ, ಆಣೆ ಮಾಡಿ ಹೇಳುತ್ತೇನೆ... ಎಲ್ಲ ಹೆಜ್ಜೆಯೂ ಮನೆಯ ಕಡೆಗೇ ಬಂದಿದ್ದವು. ತಿರುಗಿ ಹೋದದ್ದು ಒಂದೂ ಇರಲಿಲ್ಲ.