ಸೋರೆಬುರುಡೆಯ ತಳದಲ್ಲಿ ಇಷ್ಟೇ ಇಷ್ಟು

ತಮಾಲೆ ಪಟ್ಟಣದ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದ ಸನಾಟುವಿನ ಮುಂದೆ ತಾಯಿಯೊಬ್ಬಳು ಐದು ವರ್ಷದ ಮಗಳ ರಟ್ಟೆ ಹಿಡಿದು ಗದರುತ್ತಿದ್ದಳು. ಬೆಂಚಿನ ಮೇಲೆ ಪುಟ್ಟ ಮಗ ಕಣ್ಣು ಮುಚ್ಚಿ ಮಲಗಿದ್ದ.

“ತಮ್ಮಂಗೆ ಜ್ವರದ ಔಷಧಿ ಸ್ವಲ್ಪ ಕುಡಿಸು ಅಂದಿದ್ದೆ ಕಣೇ, ವುನ್‌ಪಿನಿ. ಸೀಸೆನೇ ಖಾಲಿ!”

“ಸ್ವಲ್ಪಾನೇ ಕುಡಿಸಿದ್ದು, ಅಮ್ಮಾ.”

“ಸೀಸೆ ತುಂಬ ಇತ್ತಲ್ಲೇ!”

“ಸೀಸೇಲಿ ಜಾಸ್ತಿ ಇತ್ತು. ಅದಕ್ಕೇ ಅಗಲದ ಸೋರೆಬುರುಡೆ ಬಟ್ಟಲಿಗೆ ಸುರಿದೆ. ತಳದಲ್ಲಿ ಇಷ್ಟೇ ಇಷ್ಟಾಯ್ತು. ಅದನ್ನ ಕುಡಿಸಿದೆ.”

“ಯಾ ಅಲ್ಲಾ! ಅಷ್ಟೂ ಅದೇ ಔಷಧಿ ಅಲ್ವೇನೇ?”

“ಅಲ್ಲ, ಕಡಿಮೆ ಆಗೋಯ್ತು. ನಾನೇ ನೋಡ್ದೆ.”

ಸನಾಟು ನರ್ಸನ್ನು ಕೂಗಿ ಕರೆದಳು. ನರ್ಸ್ ಓಡಿಬಂದು ಕೂಸನ್ನು ನೆಟ್ಟಗೆ ಎತ್ತಿ ಹೆಗಲಿಗೆ ಹಾಕಿಕೊಂಡು ಒಳಗೆ ಧಾವಿಸಿದಳು. ಬೆನ್ನಿಗೇ ತಾಯಿ, ಅವಳ ಹಿಂದೆ ಚೀರುತ್ತ ಮಗಳು:

“ಎತ್ತಬೇಡಿ, ಮಲಗಿಸಿ! ನೆಟ್ಟಗೆ ನಿಂತ್ರೆ ಹೊಟ್ಟೇಲಿ ಔಷಧಿ ಜಾಸ್ತಿ ಆಗುತ್ತೆ!”