ಅತ್ತೆಯ ಬಾಗಿಲಿಗೆ ಅಗುಳಿಯಿಲ್ಲ

ಹಲೋ... ಹಲೋ, ಯಾರು ಮಾತಾಡೋದು? ಮೀಟಿಂಗ್ ಮಧ್ಯೆ ಎದ್ದು ಬಂದಿದೀನಿ, ಬೇಗ ಹೇಳಿ... ಅತ್ತೆನಾ? ಇದು ಮಾವನವರ ನಂಬರಲ್ವಾ?

...

ಹಾಂ, ನಿಮ್ಮ ಫೋನಲ್ಲಿ ಏನೋ ಓದ್ತಾ ಇದೀರಿ, ಅದಕ್ಕೇ ಮಾವನವರ ಫೋನಿಂದ ಮಾಡಿದ್ರಾ. ಏನು ಓದ್ತಾ ಇದೀರಿ?

...

ಅಯ್ಯೋ. ಇನ್ನೊಂದ್ಸಲ ಓದಿ.

...

"ಅತ್ತೆಯ ಬಾಗಿಲಿಗೆ ಅಗುಳಿಯಿಲ್ಲ. ಯಾರು ತಳ್ಳಿದರೂ ಒಳಗೆ ಬಿಡುತ್ತಾಳೆ. ಒಂದು ಕೇಳಿದರೆ ಹತ್ತು ಹೇಳುತ್ತಾಳೆ." ಹೌದು, ನಾನೇ ಬರೆದದ್ದು. ಆದ್ರೆ ಅದು ನೀವಲ್ಲ ಅತ್ತೆ, ಅದೊಂದು ಕಂಪ್ಯೂಟರು!

...

'ಬಿಡುತ್ತಾಳೆ' ಅಂತ ಏಕವಚನದಲ್ಲಿ ಬರೆದದ್ದಕ್ಕೆ ಸಿಟ್ಟಾ? ಕಂಪ್ಯೂಟರಿಗೆ ಬಹುವಚನ ಯಾಕೆ ಅತ್ತೆ?

...

ಕೇಳಿ ಇಲ್ಲಿ. ಈ ಕಂಪನಿಯವರೇ ನಮ್ಮನ್ನ ಕರೆದು, 'ನಮ್ಮ ಕಂಪ್ಯೂಟರುಗಳಿಗೆ ನೀವೇ ಕನ್ನ ಹಾಕಿ, ಕಳ್ಳ ಎಲ್ಲಿಂದ ನುಗ್ತಾನೆ ತೋರಿಸಿ' ಅಂದಿದಾರೆ. ಹೂಂ, ಹೇಳಿ ಕೇಳಿ ಮಾಡೋ ಕಳ್ಳತನ. ಟಿಪ್ಪಣಿಯಲ್ಲಿ ನಿಜವಾದ ಹೆಸರು ಬರೆಯೋ ಹಾಗಿಲ್ಲ, ಇನ್ಯಾರ ಕೈಗಾದ್ರೂ ಸಿಕ್ಕಿದ್ರೆ? ಅದಕ್ಕೇ ಒಂದೊಂದಕ್ಕೂ ನೆಂಟರ ಹೆಸರಿಟ್ಟೆ. ಮರೆಯಲ್ಲ ನೋಡಿ.

...

ಜೊತೆಗಾರನಿಗೆ ಕಳಿಸೋಕೆ ಹೋದೆ. ಫೈಲಿಗೂ ಅತ್ತೆ, ಫೋನಲ್ಲಿ ನಿಮಗೂ ಅತ್ತೆ... ಬೆರಳು ಜಾರ್ತು.

...

ಮಾವನಾ? ಅಲ್ಲೇನು ಬರೆದಿದ್ದೆ... ಹಾಂ, "ಎಷ್ಟು ತಟ್ಟಿದರೂ ಉತ್ತರವಿಲ್ಲ. ಬದುಕಿದೆ ಎನ್ನುವುದಕ್ಕೆ ಬಿಸಿಗಾಳಿಯೊಂದೇ ಸಾಕ್ಷಿ."

...

ಅದೊಂದು ಮಾತ್ರ ಸರಿಯಾಗಿ ಬರೆದಿದೀನಾ? ಜೋರಾಗಿ ಹೇಳಬೇಡಿ, ಪಕ್ಕದಲ್ಲೇ ಇರ್ತಾರೆ.

...

ನಗಬೇಡಿ ಅತ್ತೆ, ನನಗಿಲ್ಲಿ ಕುತ್ತಿಗೆಗೆ ಬಂದಿದೆ. ಟಿಪ್ಪಣಿ ಕೆಳಗೆ ಒಂದು ಫೋಟೋ ಇದೆಯಲ್ವಾ? ನಾನು ಆ ಕಂಪ್ಯೂಟರಿನ ಒಳಗೆ ಹೋಗಿದ್ದೆ ಅನ್ನೋದಕ್ಕೆ ಅದೊಂದೇ ಸಾಕ್ಷಿ. ಕಳಿಸಿದ ಕೂಡಲೇ ನನ್ನ ಹತ್ರ ಇದ್ದದ್ದನ್ನ ಅಳಿಸಿಬಿಟ್ಟೆ, ಅದು ನಮ್ಮ ನಿಯಮ. ಜೊತೆಗಾರ ನೋಡಿದ್ರೆ 'ನನಗೇನೂ ಬಂದೇ ಇಲ್ಲ' ಅಂತಾನೆ. ಈ ಕಂಪನಿಯವರು ಬೆಳಿಗ್ಗೆಯೇ ಆ ಬಾಗಿಲು ಭದ್ರ ಮಾಡಿಕೊಂಡು, ಈಗ 'ಅದು ತೆರೆದೇ ಇರಲಿಲ್ಲ, ನೀನು ಸುಳ್ಳುಗಾರ' ಅಂತ ಕೂತಿದಾರೆ. ಫೋಟೋ ತೋರಿಸದಿದ್ರೆ ಕೆಲಸಾನೂ ಹೋಯ್ತು, ಮರ್ಯಾದೆನೂ ಹೋಯ್ತು.

...

ಅಳಿಸಿಬಿಟ್ರಾ?!

...

ಹೆದರಿಸಿದ್ದಾ? ಎದೆ ಒಡೆದು ಹೋಗಿತ್ತಲ್ಲ ಅತ್ತೆ!

...

ಆಯ್ತು, ಆಯ್ತು, ತಿದ್ದಿ ಬರೀತೀನಿ. ಅತ್ತೆಯವರದು ಉಕ್ಕಿನ ಬಾಗಿಲು, ಒಳಗೆ ಬಿಡೋದಿಲ್ಲ, ಬಾಯಿ ಬಿಡೋದಿಲ್ಲ. ಬಹುವಚನದಲ್ಲೇ. ಈಗಲಾದ್ರೂ ಕಳಿಸಿ...

...

ಬಂತು! ಬಂತು ಅತ್ತೆ, ಬದುಕಿಸಿಬಿಟ್ರಿ! ಇಳಿಸಿಕೊಂಡೆ... ತಡೀರಿ. ಇದು ಎಲ್ಲಿಗೆ ಬಂದಿದೆ? ನೆಂಟರ ಗುಂಪಿಗೆ ಹಾಕಿದ್ರಾ? ಟಿಪ್ಪಣಿ ಸಮೇತ?

...

ಬೆರಳು ಜಾರ್ತಾ? ನಿಮಗೂನಾ? ಮತ್ತೆ ಆ ನಗು ಯಾಕೆ?

...

ತೆಗೀರಿ ಅತ್ತೆ, ಬೇಗ ತೆಗೀರಿ, ಚಿಕ್ಕಮ್ಮ ನೋಡೋದ್ರೊಳಗೆ! ಅವರ ಹೆಸರಿನ ಮುಂದೆ "ಹಳೆಯದು, ಸದ್ದು ಹೆಚ್ಚು, ಕೂಡಲೇ ಬದಲಾಯಿಸಿ" ಅಂತ ಬರೆದು...

...

ನೋಡಿದ್ರಾ? ಯಾವಾಗ?... ಅಗೋ, ಅವರದೇ ಕರೆ ಬರ್ತಾ ಇದೆ. ಅತ್ತೆ, ದಮ್ಮಯ್ಯ, ಫೋನ್ ಇಡಬೇಡಿ, ನೀವು ಮಾತಾಡ್ತಾ ಇರೋವರೆಗೂ ನಾನು ಅವರ ಕೈಗೆ ಸಿಗಲ್ಲ. ಏನಾದ್ರೂ ಹೇಳ್ತಾ ಇರಿ, ಒಂದು ಕೇಳಿದ್ರೆ ಹತ್ತು ಹೇಳ್ತೀರಲ್ವಾ... ಅಲ್ಲ ಅಲ್ಲ, ಹಾಗಲ್ಲ... ಅತ್ತೆ? ಹಲೋ? ಅತ್ತೆ—